ನೆಲದ ಮೇಲೆ ಉಳಿದ ಅವಳಿ

ಅವಳಿಗಳಲ್ಲಿ ಅವಳು ಎರಡನೆಯವಳು. ಅಕ್ಕ ಹುಟ್ಟಿ, ನರ್ಸು ಉಸ್ಸಪ್ಪಾ ಎಂದು ಕೈ ತೊಳೆಯಲು ಹೋದ ಮೇಲೆ ಒಳಗೆ ಇನ್ನೊಂದು ಇದೆ ಎಂದು ಗೊತ್ತಾಯಿತಂತೆ. ಅಕ್ಕನ ಬಾಲ ಹಿಡಿದುಕೊಂಡು ಬಂದವಳು ಎಂದು ಅಪ್ಪ ನಕ್ಕರು. ಆ ಬಾಲವೇ ಬಾಯಿಂದ ಬಾಯಿಗೆ ಸವೆದು ಬಾಲಿ ಆಯಿತು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು, ಆದರೆ ಅದನ್ನು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ಒಂದೇ ಅಚ್ಚಿನ ಮುಖ, ಒಂದೇ ದನಿ. ಆದರೂ ಯಾರೂ ಗೊಂದಲ ಮಾಡಿಕೊಳ್ಳುತ್ತಿರಲಿಲ್ಲ. ಮುಂದೆ ನಡೆಯುವವಳು ಅಕ್ಕ, ಹಿಂದೆ ಚೀಲ ಹೊತ್ತು ಬರುವವಳು ಬಾಲಿ. ಅಕ್ಕನಿಗೆ ಲೆಕ್ಕ ಬಂತು, ಭಾಷಣ ಬಂತು, ಹಟ ಬಂತು. ಬಾಲಿಗೆ ಬಂದದ್ದು ಈಜು. ಮನೆಯ ಹಿಂದಿನ ಬೀದಿಯಲ್ಲಿ ನಗರಸಭೆಯ ಈಜುಕೊಳವಿತ್ತು. ಇಬ್ಬರೂ ಕಟ್ಟೆ ಹಿಡಿದು ನೀರೊಳಗೆ ಮುಳುಗಿ, ಯಾರು ಹೆಚ್ಚು ಹೊತ್ತು ಉಸಿರು ಕಟ್ಟುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದರು. ಪ್ರತಿ ಸಲವೂ ಮೊದಲು ಮೇಲೆ ಬರುತ್ತಿದ್ದವಳು ಅಕ್ಕ. ಬಂದವಳು ಕೆಮ್ಮುತ್ತಾ, "ತಲೆಯಲ್ಲಿ ಏನೂ ಇಲ್ಲದವರಿಗೆ ನೀರಲ್ಲಿ ಕೂರೋದು ಸುಲಭ ಬಿಡೇ" ಎನ್ನುತ್ತಿದ್ದಳು. ಬಾಲಿಯೂ ನಗುತ್ತಿದ್ದಳು. ನಕ್ಕರೂ ಆ ಮಾತು ಹೊಟ್ಟೆಯೊಳಗೆ ಎಲ್ಲೋ ಒಂದು ಕಡೆ ಕಾಲು ಚಾಚಿ ಮಲಗಿತು.

ಅಕ್ಕ ವಿಮಾನ ಹಾರಿಸುವುದನ್ನು ಕಲಿತಳು, ಆಮೇಲೆ ವ್ಯೋಮಸಂಸ್ಥೆ ಸೇರಿದಳು. ಬಾಲಿ ಅದೇ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವ ಕೆಲಸ ಹಿಡಿದಳು. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳಾ ಎಂದು ಅವಳ ಗಂಡ ತಮಾಷೆ ಮಾಡುತ್ತಿದ್ದ. ನೀನು ನೀರಿಗೆ ಬಂದವಳು, ಊರಿಗೆ ಬರುವುದೇ ಇಲ್ಲವಲ್ಲ ಎಂದು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಎರಡು ಕೋಣೆಯ ಮನೆ, ಕಿಟಕಿಯಲ್ಲಿ ಸದಾ ಒಣಗುವ ಟವಲು, ಕೂದಲಿನಿಂದ ಎಂದೂ ಹೋಗದ ಕ್ಲೋರಿನ್ ವಾಸನೆ. ಕೊರಳಲ್ಲಿ ಸೀಟಿ ಹಾಕಿಕೊಂಡು ಕಟ್ಟೆಯ ಮೇಲೆ ಓಡಾಡುವಾಗ ಅವಳು ಯಾರ ತಂಗಿಯೂ ಆಗಿರುತ್ತಿರಲಿಲ್ಲ. ನೀರೆಂದರೆ ನಡುಗುತ್ತಿದ್ದ ಮಕ್ಕಳು ಅವಳ ಅಂಗೈ ಮೇಲೆ ಹೊಟ್ಟೆ ಇಟ್ಟು ತೇಲುತ್ತಿದ್ದರು.

ಶನಿಯ ಒಂದು ಚಂದ್ರನಿಗೆ ನಾಲ್ವರನ್ನು ಕಳಿಸುವ ಯೋಜನೆ ಬಂತು. ಮೇಲೆ ಹಿಮದ ಚಿಪ್ಪು, ಅದರ ಕೆಳಗೆ ಕಡಲು. ಅಲ್ಲಿ ಜೀವ ಇದೆಯೋ ಇಲ್ಲವೋ ನೋಡಿಬರಬೇಕು. ಹೋಗಿ ಬರಲು ವರ್ಷಗಟ್ಟಲೆ ಬೇಕು. ನಾಯಕಿಯಾಗಿ ಅಕ್ಕನ ಹೆಸರು ಬಂದಾಗ ಬೀದಿಯೆಲ್ಲ ಬಾಲಿಯ ಮನೆಗೆ ಬಂದು ಅಭಿನಂದಿಸಿ ಹೋಯಿತು. ಆಮೇಲೆ ಸಂಸ್ಥೆಯ ಡಾಕ್ಟರಮ್ಮ ಬಂದರು. ಸಣ್ಣ ದನಿಯ ಹೆಂಗಸು, ಮಾತಿಗೆ ಮುಂಚೆ ಒಮ್ಮೆ ಉಗುಳು ನುಂಗುವ ಅಭ್ಯಾಸ. ಅವಳಿಗಳಲ್ಲಿ ಒಬ್ಬಳು ಮೇಲೆ, ಒಬ್ಬಳು ಕೆಳಗೆ ಇದ್ದರೆ ಅಷ್ಟು ದೂರದ ಪ್ರಯಾಣ ಮೈಗೆ ಏನು ಮಾಡುತ್ತದೆ ಎಂದು ಹೋಲಿಸಿ ನೋಡಬಹುದು, ನೀವು ನೆಲದ ಜೋಡಿ ಆಗಬೇಕು ಎಂದು ಕೇಳಿದರು. ಅಕ್ಕನಷ್ಟೇ ಸಮರ್ಥರು ಇನ್ನೂ ಇಬ್ಬರಿದ್ದರು, ಅವರಿಗೆ ಅವಳಿಗಳಿರಲಿಲ್ಲ ಎಂಬುದೂ ಅವರ ಬಾಯಿಂದ ಜಾರಿತು. ಎಂದರೆ ಅಕ್ಕ ಹೋಗುತ್ತಿರುವುದೂ ಸ್ವಲ್ಪ ನನ್ನಿಂದಲೇ ಎಂದು ಬಾಲಿ ಅಂದುಕೊಂಡಳು. ಆ ಸಂಗತಿಯನ್ನು ಅಕ್ಕನ ಮುಂದೆ ಎತ್ತಲಿಲ್ಲ. ಅಕ್ಕನೂ ಎತ್ತಲಿಲ್ಲ. ಹೊರಡುವ ದಿನ ತಬ್ಬಿಕೊಂಡು, "ಊಟ ತಪ್ಪಿಸ್ಬೇಡ, ನೀನು ತೂಕ ಇಳಿದ್ರೆ ನನ್ನ ಲೆಕ್ಕ ಕೆಡುತ್ತೆ" ಎಂದಷ್ಟೇ ಹೇಳಿದಳು.

ಹೀಗೆ ಬಾಲಿಯ ಎರಡನೆಯ ಬಾಳು ಶುರುವಾಯಿತು. ಅಕ್ಕ ತಿನ್ನುವುದನ್ನೇ ಅವಳು ತಿನ್ನಬೇಕು: ಪೊಟ್ಟಣದಿಂದ ಹಿಂಡುವ ಗಂಜಿ, ರಟ್ಟಿನಂಥ ಬಿಸ್ಕತ್ತು. ಅಕ್ಕ ಮಲಗಿದಾಗ ಮಲಗಬೇಕು. ವಾರಕ್ಕೊಮ್ಮೆ ರಕ್ತ ಕೊಡಬೇಕು. ಗಂಡ ಪಾಪ, ಬಿಸಿ ಸಾರು ಮಾಡಿಕೊಂಡು ಅಡುಗೆಮನೆಯ ಬಾಗಿಲು ಹಾಕಿ ಕಳ್ಳನ ಹಾಗೆ ಉಣ್ಣುತ್ತಿದ್ದ. ಬಾಗಿಲ ಸಂದಿನಿಂದ ವಾಸನೆ ಬಂದರೆ ಅವಳು ಹೊರಗಿನಿಂದ, ಉಪ್ಪು ಕಡಿಮೆಯಾಗಿದೆ ಕಣ್ರೀ ಎಂದು ಕೂಗುತ್ತಿದ್ದಳು.

ಅಕ್ಕನ ಹಡಗು ಗುರುಗ್ರಹದ ಹತ್ತಿರವಾಗುತ್ತಿದ್ದ ಕಾಲ. ಒಂದು ಬೆಳಿಗ್ಗೆ ಸಂಸ್ಥೆಯ ನಿರ್ದೇಶಕರೇ ಈಜುಕೊಳಕ್ಕೆ ಬಂದರು. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಒದ್ದೆ ಬೆಂಚಿನ ಮೇಲೆ ಕುಳಿತದ್ದು ನೋಡಿ ಬಾಲಿ ಮಕ್ಕಳನ್ನು ನೀರಿನಿಂದ ಮೇಲೆ ಹತ್ತಿಸಿದಳು. ಇಂಥವರು ಬಟ್ಟೆ ನೆನೆದದ್ದನ್ನೂ ಮರೆತರೆ ಸುದ್ದಿ ಒಳ್ಳೆಯದಿರಲಾರದು. ಹಡಗಿನಲ್ಲಿ ಉಸಿರಿನ ಕೆಟ್ಟ ಗಾಳಿಯನ್ನು ಸೋಸುವ ಎರಡು ಯಂತ್ರಗಳಿದ್ದವು. ಒಂದಕ್ಕೆ ಬೆಂಕಿ ಹತ್ತಿದೆ. ಹೊಗೆಯಲ್ಲಿ ಕಣ್ಣು ಕಾಣದೆ, ಅಕ್ಕ ಕೈಯಲ್ಲೇ ತಡವಿ ತಂತಿ ಕಿತ್ತು ಬೆಂಕಿ ಆರಿಸಿದ್ದಾಳೆ, ಅಂಗೈ ಸುಟ್ಟಿದೆ. ಉಳಿದ ಒಂದೇ ಯಂತ್ರ ನಾಲ್ವರಿಗೆ ಸಾಲದು. ಗಾಳಿ ಇರುತ್ತದೆ, ಆದರೆ ಕೆಟ್ಟಿರುತ್ತದೆ. ಹೊರಗೆ ಯಾರಿಗೂ ಗೊತ್ತಿಲ್ಲ, ಗೊತ್ತಾಗಲೂ ಬಾರದು.

"ಅಕ್ಕನಿಗೆ ಏನಾದ್ರೂ ಆಗುತ್ತಾ ಸರ್?" ಎಂದು ಕೇಳಿದಳು ಬಾಲಿ.

"ಅದನ್ನ ನೀವೇ ನಮಗೆ ಹೇಳ್ಬೇಕು" ಎಂದರು ನಿರ್ದೇಶಕರು.

ಸಂಸ್ಥೆಯಲ್ಲಿ ಹಡಗಿನದೇ ಅಳತೆಯ ಒಂದು ಕೋಣೆ ಇತ್ತು. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಕಿರಿದು. ಒಂದು ಮಂಚ, ಒಂದು ಮೇಜು, ದಪ್ಪ ಗಾಜಿನ ಒಂದು ಕಿಂಡಿ. ಅದರೊಳಗೆ ಹಡಗಿನ ಗಾಳಿಯನ್ನೇ ತುಂಬಿ ಬಾಲಿಯನ್ನು ವಾರಗಟ್ಟಲೆ ಇಡುವುದು, ಅವಳು ತಡೆದುಕೊಳ್ಳುತ್ತಾಳೋ ನೋಡುವುದು. ಮಂಚದ ಪಕ್ಕದಲ್ಲೇ ಕೆಂಪು ಗುಂಡಿ. ಆಗದಿದ್ದರೆ ಒತ್ತಿ, ಆ ಕ್ಷಣವೇ ಬಾಗಿಲು ತೆರೆಯುತ್ತೇವೆ, ಯಾರೂ ಒಂದು ಮಾತೂ ಆಡುವುದಿಲ್ಲ ಎಂದರು ಡಾಕ್ಟರಮ್ಮ.

ಒತ್ತಿದರೆ ಅಕ್ಕನಿಗೆ ಏನಾಗುತ್ತದೆ ಎಂದು ಬಾಲಿ ಕೇಳಿದಳು. ಡಾಕ್ಟರಮ್ಮ ಉಗುಳು ನುಂಗಿ ನಿರ್ದೇಶಕರ ಮುಖ ನೋಡಿದರು. ನಿರ್ದೇಶಕರು, "ಅದರ ಯೋಚನೆ ನಿಮಗೆ ಬೇಡ. ಗೊತ್ತಿದ್ರೆ ಪರೀಕ್ಷೆ ಕೆಡುತ್ತೆ" ಎಂದರು.

ಹೇಳದ ಉತ್ತರವನ್ನು ಮನುಷ್ಯ ತಾನೇ ಹೆಣೆದುಕೊಳ್ಳುತ್ತಾನೆ. ಬಾಲಿ ಹೆಣೆದುಕೊಂಡದ್ದು ಇಷ್ಟು: ನಾನು ಸೋತು ಹೊರಗೆ ಬಂದರೆ, ಮೇಲಿನವರು ಉಳಿಯುವುದಿಲ್ಲ ಎಂದು ಇವರು ತೀರ್ಮಾನಿಸುತ್ತಾರೆ, ಅವರ ಮೇಲಿನ ಆಸೆಯನ್ನೇ ಬಿಟ್ಟು ಕೈ ತೊಳೆದುಕೊಳ್ಳುತ್ತಾರೆ. ನಾನು ಉಳಿದರೆ ಅಕ್ಕ ಉಳಿದಳು.

ಗಂಡ ಬೇಡವೆಂದ. ಅವನು ಎಂದೂ ದನಿ ಎತ್ತಿದವನಲ್ಲ, ಅವತ್ತೂ ಎತ್ತಲಿಲ್ಲ. ಅವಳ ಚೀಲಕ್ಕೆ ಬಟ್ಟೆ ಮಡಚಿ ಹಾಕುತ್ತಾ, ಈ ದೊಡ್ಡವರ ಲೆಕ್ಕದಲ್ಲಿ ನೀನು ಒಂದು ಸಂಖ್ಯೆಯೂ ಅಲ್ಲ ಎಂದು ಮಾತ್ರ ಹೇಳಿದ.

ಕೋಣೆಯೊಳಗೆ ಮೊದಲು ಬಂದದ್ದು ತಲೆನೋವು. ಕಣ್ಣುಗುಡ್ಡೆಯ ಹಿಂದೆ ಯಾರೋ ಮೊಳೆ ಹೊಡೆದ ಹಾಗೆ. ಆಮೇಲೆ ವಾಂತಿ. ಕಿಂಡಿಯಾಚೆಯಿಂದ ಡಾಕ್ಟರಮ್ಮ ಹೇಗಿದ್ದೀರಿ ಎಂದು ಕೇಳಿದರೆ ಬಾಲಿ, ಪೊಟ್ಟಣದ ಗಂಜಿ ಹಿಡಿಸಲಿಲ್ಲ ಎನ್ನುತ್ತಿದ್ದಳು. ನೋವು ಎಷ್ಟಿದೆ ಎಂದರೆ ಸ್ವಲ್ಪ ಎನ್ನುತ್ತಿದ್ದಳು. ದಿನಾ ಒಡೆದ ಚಿತ್ರಗಳನ್ನು ಜೋಡಿಸುವ, ಗಂಟು ಬಿಚ್ಚುವ ಪರೀಕ್ಷೆಗಳಿದ್ದವು. ಬೆರಳು ಮರಗಟ್ಟುತ್ತಿದ್ದರೂ ಹಲ್ಲು ಕಚ್ಚಿ ಮಾಡುತ್ತಿದ್ದಳು. ಉಸಿರು ಎಳೆದಷ್ಟೂ ಸಾಲದು. ಎದೆಯೊಳಗಿಂದ ಒಂದು ಭಯ, ಯಾವುದರ ಮೇಲೂ ಅಲ್ಲದ ಬರಿಯ ಭಯ, ಪ್ರಾಣಿಯ ಹಾಗೆ ಮೇಲೆದ್ದು ಗಂಟಲು ಹಿಡಿಯುತ್ತಿತ್ತು. ನೀರೊಳಗೆ ಇಂಥದ್ದನ್ನು ಅವಳು ಬಲ್ಲಳು. ಇನ್ನು ಆಗುವುದಿಲ್ಲ ಎನ್ನಿಸಿದ ಮೇಲೂ ಸ್ವಲ್ಪ ಉಳಿದಿರುತ್ತದೆ, ಅದರಲ್ಲಿ ಇನ್ನೊಂದು ಸ್ವಲ್ಪ. ಒಮ್ಮೆ ಕೈ ತಾನಾಗಿ ಹೋಗಿ ಗುಂಡಿಯ ಮೇಲೆ ಕುಳಿತಿತು. ಅವಳು ಇನ್ನೊಂದು ಕೈಯಿಂದ ಅದನ್ನು ಎತ್ತಿ, ಮೈಯಡಿ ಹಾಕಿಕೊಂಡು ಮಲಗಿದಳು. ಅಕ್ಕನ ಮೇಲಿನ ಪ್ರೀತಿ ಅದರಲ್ಲಿತ್ತು. ಈ ಗಾಳಿಯಲ್ಲಿ ಅಕ್ಕನೂ ಇಷ್ಟು ತಡೆಯಲಾರಳು ಎಂಬ ಸಣ್ಣ ಸೊಕ್ಕೂ ಇತ್ತು. ಅವೆರಡನ್ನೂ ಬೇರೆಮಾಡಿ ನೋಡುವಷ್ಟು ಬುದ್ಧಿ ಆ ಗಾಳಿಯಲ್ಲಿ ಉಳಿದಿರಲಿಲ್ಲ.

ಕೊನೆಯ ವಾರ ನಿರ್ದೇಶಕರು ಕಿಂಡಿಗೆ ಬಂದು, ಮೇಲಿನವರು ಎದೆಗುಂದಿದ್ದಾರೆ, ಅಕ್ಕನಿಗೆ ಒಂದು ಧೈರ್ಯದ ಮಾತು ಹೇಳಿ, ಕಳಿಸುತ್ತೇವೆ ಎಂದರು. ಬಾಲಿ ಮುಖ ತೊಳೆದು, ಕೂದಲು ಬಾಚಿಕೊಂಡು, ಕ್ಯಾಮೆರಾದ ಮುಂದೆ ನಕ್ಕಳು. "ನಾನೂ ಇಲ್ಲಿ ನಿನ್ನ ಗಾಳೀನೇ ಕುಡೀತಾ ಇದ್ದೀನಿ ಅಕ್ಕ. ಏನೂ ಇಲ್ಲ, ಆರಾಮಾಗಿದ್ದೀನಿ. ನೀನೂ ತಡ್ಕೋ."

ಬಾಗಿಲು ತೆರೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರೋ ಹೂಗುಚ್ಛ ಹಿಡಿಸಿದರು. ಮೂಲೆಯಲ್ಲಿ ನಿಂತಿದ್ದ ಗಂಡ ಮಾತ್ರ ಚಪ್ಪಾಳೆ ತಟ್ಟದೆ ಬಂದು ಅವಳ ಚಪ್ಪಲಿ ಕಾಲಿನ ಹತ್ತಿರ ಇಟ್ಟ. ಡಾಕ್ಟರಮ್ಮ ಅಲ್ಲಿರಲಿಲ್ಲ.

ಹಡಗು ಗುರುವನ್ನು ದಾಟಿ ಶನಿಯ ಕಡೆ ಚಿಮ್ಮಿತು.

ಬಾಲಿ ಈಜುಕೊಳಕ್ಕೆ ಮರಳಿದಳು. ಸೀಟಿ ಹಾಕಿಕೊಂಡಳು, ಮಕ್ಕಳನ್ನು ಸಾಲಾಗಿ ಕಟ್ಟೆ ಹಿಡಿಸಿದಳು, ತಲೆ ಮುಳುಗಿಸುವುದು ಹೇಗೆಂದು ತೋರಿಸಲು ತಾನೇ ಮುಳುಗಿದಳು. ನೀರು ಕಿವಿ ಮುಚ್ಚಿದ್ದೇ ತಡ, ಕೋಣೆಯ ಆ ಭಯ ಇಡೀ ಎದ್ದು ನಿಂತಿತು. ಕೈಕಾಲು ಬಡಿದು, ನೀರು ಕುಡಿದು, ಕಿರುಚಿದಳು. ಜೊತೆಗಾರ ತರಬೇತುದಾರ ಕೂದಲು ಹಿಡಿದು ಎಳೆದು ಕಟ್ಟೆಗೆ ಹಾಕಬೇಕಾಯಿತು. ಮಕ್ಕಳು ಗೋಡೆಗೆ ಅಂಟಿ ನೋಡುತ್ತಿದ್ದರು. ಮತ್ತೆ ಪ್ರಯತ್ನಿಸಿದಳು, ಮತ್ತೆ ಅದೇ. ಸ್ನಾನದ ಮನೆಯಲ್ಲಿ ತಲೆಗೆ ನೀರು ಸುರಿದುಕೊಂಡರೂ ಉಸಿರು ಹಿಡಿಯುತ್ತಿತ್ತು. ಸಂಸ್ಥೆಯವರು ಇದು ಮನಸ್ಸಿನ ಕಲ್ಪನೆ, ಪರೀಕ್ಷೆಯ ಫಲಿತಾಂಶದಲ್ಲಿ ಅಂಥದ್ದೇನೂ ಇಲ್ಲ ಎಂದರು. ಇರುವುದಾದರೂ ಹೇಗೆ, ಎಲ್ಲದಕ್ಕೂ ಸ್ವಲ್ಪ ಎಂದವಳು ಇವಳೇ. ಕೊಳದವರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ. ಬಟ್ಟೆ ಇಡುವ ಕಪಾಟುಗಳ ಬೀಗದ ಕೈ ಕೊಡುವ ಕಿಟಕಿಯಲ್ಲಿ ಕೂರಿಸಿದರು. ಸೀಟಿಯನ್ನು ಬೇರೊಬ್ಬಳು ಹಾಕಿಕೊಂಡಳು.

ಹಡಗು ಶನಿಯ ಚಂದ್ರನನ್ನು ಮುಟ್ಟಿದ ದಿನ ಊರೆಲ್ಲ ಟಿವಿಯ ಮುಂದೆ ಇತ್ತು. ಹಿಮ ಕೊರೆದು ನೀರು ತೆಗೆದರು. ಆ ನೀರಿನಲ್ಲಿ ಜೀವವಿರಲಿಲ್ಲ. ಅದಾದ ಕೆಲವೇ ದಿನಗಳಿಗೆ, ನಾಲ್ವರಲ್ಲಿ ಒಬ್ಬ ಸತ್ತ ಸುದ್ದಿ ಬಂತು. ಅವನು ಕಲ್ಲುಗಳ ವಿಜ್ಞಾನಿ, ಹಡಗಿನವರ ಬಾಯಲ್ಲಿ ಕಲ್ಲಣ್ಣ. ತಾಯಿಗೆ ಒಬ್ಬನೇ ಮಗ. ಹೊರಗಿನ ಕೆಲಸ ಮುಗಿಸಿ ಎರಡು ಬಾಗಿಲ ನಡುವಿನ ಗೂಡಿಗೆ ಬಂದವನು, ಹೊರಬಾಗಿಲು ಮುಚ್ಚಿದೆ ಎಂದುಕೊಂಡು ಶಿರಸ್ತ್ರಾಣದ ಕೊಂಡಿಗೆ ಕೈ ಹಾಕಿದ. ಬಾಗಿಲು ಮುಚ್ಚಿರಲಿಲ್ಲ. ಒಳಬಾಗಿಲ ಗಾಜಿನಾಚೆ ನಿಂತಿದ್ದ ಅಕ್ಕ ಬೇಡವೆಂದು ರೇಡಿಯೋದಲ್ಲಿ ಕೂಗಿದಳು, ಗಾಜು ಬಡಿದಳು. ಅವನು ಅವಳನ್ನು ನೋಡಿ, ಏನೋ ತಮಾಷೆ ಮಾಡುತ್ತಿದ್ದಾಳೆಂದು ನಕ್ಕು, ಬಿಚ್ಚಿದ. ತಿಂಗಳುಗಟ್ಟಲೆ ಕೆಟ್ಟ ಗಾಳಿ ಕುಡಿದ ತಲೆ ಅದು. ಅಷ್ಟು ಹೊತ್ತಿಗೆ ಯಂತ್ರ ಸುಟ್ಟ ಸುದ್ದಿ ಹೊರಗೆ ಬಿದ್ದಿತ್ತು. ಆದರೆ ಸಂಸ್ಥೆ ಹೇಳಿದ್ದು, ಇದು ಮನುಷ್ಯನ ಮರೆವು, ಗಾಳಿಯ ತಪ್ಪಲ್ಲ; ನಾಯಕಿಯ ಸ್ವಂತ ತಂಗಿ ಅದೇ ಗಾಳಿಯಲ್ಲಿ ನೆಲದ ಮೇಲೆ ಆರಾಮಾಗಿದ್ದಳು ಎಂದು.

ಆ ವಾರವೇ ಡಾಕ್ಟರಮ್ಮ ಬೀಗದ ಕೈಯ ಕಿಟಕಿಗೆ ಬಂದರು. ಕೆಲಸ ಬಿಟ್ಟಿದ್ದರು. ಕೊಳದಲ್ಲಿ ಮಕ್ಕಳ ಗದ್ದಲ, ಅವರ ಮಾತು ಕೇಳಿಸಿಕೊಳ್ಳಲು ಬಾಲಿ ಕಿಟಕಿಯಿಂದ ತಲೆ ಹೊರಗೆ ಹಾಕಬೇಕಾಯಿತು. ಗುರುವಿನ ಹತ್ತಿರ ಎರಡು ದಾರಿ ಇದ್ದವು ಎಂದರು ಅವರು. ಒಂದು ಮುಂದಕ್ಕೆ. ಇನ್ನೊಂದು, ಅದನ್ನು ಸುತ್ತುಹಾಕಿ ನೇರ ಮನೆಗೆ. ಆಪತ್ತಿಗೆಂದೇ ಇಟ್ಟುಕೊಂಡಿದ್ದ ದಾರಿ. ಅಕ್ಕ ವಾಪಸು ಬರುತ್ತೇವೆಂದು ಕೇಳಿದ್ದಳು, ಒಂದಲ್ಲ ಹಲವು ಸಲ. ತಂಗಿ ಗುಂಡಿ ಒತ್ತಿದರೆ ವಾಪಸು, ಒತ್ತದಿದ್ದರೆ ಮುಂದಕ್ಕೆ ಎಂದು ಇಲ್ಲಿ ತೀರ್ಮಾನವಾಗಿತ್ತು.

ಯಾರೋ ಒದ್ದೆ ಕೈ ಚಾಚಿ ಬೀಗದ ಕೈ ಕೇಳಿದರು, ಬಾಲಿ ಕೊಟ್ಟಳು.

"ಒತ್ತಿದ್ರೆ ಎಲ್ರೂ ಮನೆಗೆ ಬರ್ತಿದ್ರಾ?"

"ಬರ್ತಿದ್ರು."

"ನೀವು ಅಲ್ಲೇ ಇದ್ರಲ್ಲ ಡಾಕ್ಟರಮ್ಮ. ಕಿಂಡಿ ಆಚೆ. ಒಂದು ಸಲ ಕಣ್ಣು ಮಿಟುಕಿಸಿದ್ರೂ ನಂಗೆ ಗೊತ್ತಾಗ್ತಿತ್ತು."

ಡಾಕ್ಟರಮ್ಮ ಅತ್ತರು. ಅಳುವವರನ್ನು ಸಮಾಧಾನ ಮಾಡುವ ಅಭ್ಯಾಸ ಬಾಲಿಗೆ ಇತ್ತು, ಅವತ್ತು ಮಾಡಲಿಲ್ಲ. ಕಿಟಕಿಯ ಪರದೆ ಎಳೆದಳು.

ಇನ್ನೊಂದು ದಿನ ಕಲ್ಲಣ್ಣನ ತಾಯಿ ಬಂದರು. ಬೇರೆ ಊರಿನಿಂದ ಬಸ್ಸಿನಲ್ಲಿ ಬಂದು, ವಿಳಾಸ ವಿಚಾರಿಸಿಕೊಂಡು, ಸಂಜೆ ಬಾಲಿ ಮನೆಗೆ ಬರುವ ಹೊತ್ತಿಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಟಿವಿಯಲ್ಲಿ ದಿನಾ ನೋಡಿದ ನಾಯಕಿಯ ಮುಖವೇ ಎದುರಿಗೆ ಬಂದಾಗ ಮುದುಕಿ ಎದ್ದು ನಿಂತರು, ಒಂದು ಗಳಿಗೆ ಹಡಗು ಆಗಲೇ ವಾಪಸು ಬಂದಿದೆ ಎಂದೇ ಭಾವಿಸಿದರೋ ಏನೋ. ಬಾಲಿ ಅವರನ್ನು ಒಳಗೆ ಕರೆದು ನೀರು ಕೊಟ್ಟಳು. ಬೈಯುತ್ತಾರೆ ಎಂದು ಕಾದಳು, ಬೈದಿದ್ದರೆ ಚೆನ್ನಾಗಿತ್ತು. ಆ ತಾಯಿ ಕೇಳಿದ್ದು ಒಂದೇ. "ಆ ಗಾಳಿ ಹೇಗಿತ್ತು ಅಂತ ನಿಜ ಹೇಳಮ್ಮ. ನನ್ನ ಮಗ ಅದರಲ್ಲಿ ಎಷ್ಟು ತಿಂಗಳು ಇದ್ದ, ಅವನಿಗೆ ಹೇಗಾಗ್ತಿತ್ತು ಅಂತ ನಂಗೆ ಹೇಳೋರು ಯಾರೂ ಇಲ್ಲ."

ಯಾರೂ ಅವಳನ್ನು ಅದುವರೆಗೆ ನಿಜ ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ತಲೆನೋವು, ವಾಂತಿ, ಭಯ, ಒಂದನ್ನೂ ಬಿಡದೆ ಹೇಳಿದಳು. ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದರು. ಹೋಗುವಾಗ ಅವಳ ತಲೆ ಮೇಲೆ ಕೈ ಇಡಲಿಲ್ಲ, ಶಾಪವನ್ನೂ ಹಾಕಲಿಲ್ಲ. ಗಂಡ ಅವರನ್ನು ಬಸ್ಸಿನವರೆಗೆ ಬಿಟ್ಟುಬಂದ.

ಮರುದಿನ ಬಾಲಿ ಸಂಸ್ಥೆಗೆ ಹೋಗಿ, ತಾನು ಸುಳ್ಳು ಹೇಳಿದ್ದೆ, ಆ ಗಾಳಿ ತಡೆಯುವಂಥದ್ದಲ್ಲ, ಇದನ್ನು ಎಲ್ಲರ ಮುಂದೆ ಹೇಳುತ್ತೇನೆ ಎಂದಳು. ನಿರ್ದೇಶಕರು ಚಹಾ ತರಿಸಿದರು. ಹೇಳಿ, ಖಂಡಿತ ಹೇಳಿ ಎಂದರು. ನೀವು ಸುಳ್ಳು ಹೇಳಿದ್ದರಿಂದಲೇ ನಾವು ಮೋಸ ಹೋದೆವು ಎಂದು ನಾವೂ ಹೇಳುತ್ತೇವೆ ಎಂದರು. ಅವರು ದನಿ ಏರಿಸಲೇ ಇಲ್ಲ. ಆದರೂ ಅವಳು ಹೇಳಿದಳು. ಒಬ್ಬ ಪತ್ರಕರ್ತ ಬರೆದುಕೊಂಡು ಹೋದ. ಪತ್ರಿಕೆಯಲ್ಲಿ ಬಂದದ್ದನ್ನು ಓದಿದವರಿಗೆ ಅರ್ಥವಾದದ್ದು, ಅಕ್ಕನ ಕೀರ್ತಿಗೆ ಹೊಟ್ಟೆ ಉರಿದ ತಂಗಿ ಪರೀಕ್ಷೆಯಲ್ಲಿ ಮೋಸ ಮಾಡಿದಳು ಎಂದು. ಬೀದಿಯವರು ಎದುರಿಗೆ ಸಿಕ್ಕರೆ ಆಕಾಶ ನೋಡತೊಡಗಿದರು. ಮಕ್ಕಳನ್ನು ಕೊಳಕ್ಕೆ ಕರೆತರುತ್ತಿದ್ದ ತಾಯಂದಿರು ಅವಳ ಕೈಯಿಂದ ಬೀಗದ ಕೈ ತೆಗೆದುಕೊಳ್ಳುವಾಗ ಮಾತು ಬಿಟ್ಟರು.

ವರ್ಷಗಳು ಕಳೆದು ಹಡಗು ಮೂವರನ್ನು ಹೊತ್ತು ವಾಪಸು ಬಂತು. ಅಕ್ಕ ನಡೆಯುವುದನ್ನು ಹೊಸದಾಗಿ ಕಲಿಯುತ್ತಿದ್ದಳು. ಆರೈಕೆಯ ಕೋಣೆಯಲ್ಲಿ ಎರಡು ಕಂಬಿಗಳ ನಡುವೆ ನಿಂತಿದ್ದವಳನ್ನು ಬಾಲಿ ನೋಡಿದಳು. ಒಂದೇ ಅಚ್ಚು ಎನ್ನಲು ಇನ್ನು ಸಾಧ್ಯವಿರಲಿಲ್ಲ. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು, ಸುಟ್ಟ ಅಂಗೈ ಮಡಚುತ್ತಿರಲಿಲ್ಲ. ಆರೈಕೆಯವರು ಅವಳನ್ನು ಕೂರಿಸಿ ಹೊರಗೆ ಹೋದರು.

ಬಾಲಿ ಎಲ್ಲವನ್ನೂ ಹೇಳಲು ಬಂದಿದ್ದಳು. ನಂಗೆ ಗೊತ್ತಿರಲಿಲ್ಲ ಅಕ್ಕ ಎಂದು ಶುರುಮಾಡಿದಳು. ಅಕ್ಕ ಕೈ ಎತ್ತಿ ತಡೆದಳು.

"ನೀನು ನಗ್ತಾ ಇದ್ದೆ" ಎಂದಳು. "ತಲೆ ಬಾಚ್ಕೊಂಡು, ನಗ್ತಾ. ನಾನು ವಾಪಸ್ ಬರ್ತೀವಿ ಅಂತ ಜಗಳ ಆಡ್ತಿದ್ದೆ, ಮೂರು ಜನಾನೂ ನನ್ನ ಕಡೆ ಇದ್ರು. ನೀನು ನಗೋದನ್ನ ಹಾಕಿ ತೋರಿಸಿದ್ರು. ಆಮೇಲೆ ನಾನು ಏನಂತ ವಾದ ಮಾಡ್ಲಿ? ಎಲ್ಲರಿಗಿಂತ ಮೊದಲು 'ಮುಂದಕ್ಕೆ ಹೋಗೋಣ' ಅಂದವನು ಕಲ್ಲಣ್ಣನೇ."

"ನಿನ್ನ ಉಳಿಸೋಕೆ ಅಂತ ತಡ್ಕೊಂಡೆ."

"ಇಲ್ಲ ಕಣೇ. ನನ್ನ ಮೇಲೆ ಗೆಲ್ಲೋಕೆ ತಡ್ಕೊಂಡೆ."

ಪೂರ್ತಿ ಇಲ್ಲ ಎನ್ನಲು ಬಾಲಿಯಿಂದ ಆಗಲಿಲ್ಲ. ಅರ್ಧ ನಿಜವನ್ನು ಒಪ್ಪಿಕೊಂಡರೆ ಉಳಿದರ್ಧವನ್ನು ಯಾರೂ ನಂಬುವುದಿಲ್ಲ, ಅದು ಅವಳಿಗೆ ಈಗಾಗಲೇ ಗೊತ್ತಾಗಿತ್ತು. "ನೀನೂ ಹೇಳ್ಬಹುದಿತ್ತು, ಗುಂಡಿ ಒತ್ತು ಅಂತ" ಎಂದಳು ಕೊನೆಗೆ. ಹೇಳಿದ್ದೆ, ಅವರು ನಿನಗೆ ಕಳಿಸಲಿಲ್ಲ ಎಂದಳು ಅಕ್ಕ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಕಂಬಿ ಹಿಡಿದು ಎದ್ದು, ಬಾಲಿ ಆಸರೆ ಕೊಡಲು ಬಂದಾಗ, ಬೇಡ ಎಂದು ತಾನೇ ಒಂದು ಹೆಜ್ಜೆ ಇಟ್ಟಳು.

ಅಕ್ಕನಿಗೆ ಪದಕ ಬಂತು. ಅವಳು ಅದನ್ನು ಬೇಡವೆನ್ನಲಿಲ್ಲ, ಸಮಾರಂಭದಲ್ಲಿ ಗಾಳಿಯ ಮಾತನ್ನೂ ಎತ್ತಲಿಲ್ಲ. ಮುಂದಿನ ಹಡಗಿಗೆ ಮೂರು ಯಂತ್ರ ಇಡಿಸಿಕೊಳ್ಳಬೇಕಾದರೆ ಒಳಗೆ ಇರಬೇಕು, ಹೊರಗೆ ನಿಂತು ಕೂಗಿದರೆ ಆಗುವುದಿಲ್ಲ ಎಂದು ಯಾರಿಗೋ ಹೇಳಿದಳಂತೆ. ಇಡಿಸಿಕೊಂಡಳು ಕೂಡ. ನಿರ್ದೇಶಕರು ಬಡ್ತಿ ಪಡೆದು ನಿವೃತ್ತರಾದರು.

ಬಾಲಿಯೂ ಅಕ್ಕನೂ ಈಗ ವರ್ಷಕ್ಕೊಮ್ಮೆ ಮಾತ್ರ ಒಂದೇ ಕೋಣೆಯಲ್ಲಿ ಇರುತ್ತಾರೆ. ಅವಳಿಗಳ ಅಧ್ಯಯನ ಇಬ್ಬರಲ್ಲಿ ಒಬ್ಬಳು ಸಾಯುವವರೆಗೂ ನಡೆಯಬೇಕೆಂದು ಮೊದಲೇ ಒಪ್ಪಿಕೊಂಡದ್ದು. ಆಸ್ಪತ್ರೆಯಲ್ಲಿ ಪಕ್ಕಪಕ್ಕದ ಮಂಚ, ನಡುವೆ ಹಸಿರು ಪರದೆ. ಹೋದ ಸಲ ಹೊಸ ನರ್ಸೊಬ್ಬಳು ಬಂದಿದ್ದಳು. ರಕ್ತದ ಸೀಸೆಯ ಮೇಲೆ ಚೀಟಿ ಅಂಟಿಸುತ್ತಾ, ನೀವು ಮೇಲೆ ಹೋದವರೋ ಕೆಳಗಿದ್ದವರೋ ಎಂದು ಬಾಲಿಯನ್ನು ಕೇಳಿದಳು. ಕೆಳಗಿದ್ದವಳು ಎಂದಳು ಬಾಲಿ. ಪರದೆಯಾಚೆ ಅಕ್ಕ ಒಮ್ಮೆ ಕೆಮ್ಮಿದಳು. ನರ್ಸು ಬಟ್ಟೆ ಕಟ್ಟಿ, ಸ್ವಲ್ಪ ಹೊತ್ತು ಕೈ ಮಡಚಿಕೊಂಡು ಮಲಗಿರಿ ಎಂದು ದೀಪ ತಗ್ಗಿಸಿ ಹೋದಳು. ಇಬ್ಬರೂ ಮಲಗಿದ್ದರು. ಬಾಲಿ ಮೊದಲು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಪರದೆಯ ಕಡೆ ನೋಡದೆ ಹೊರಗೆ ಬಂದಳು. ಗಂಡ ಗೇಟಿನ ಹತ್ತಿರ ಛತ್ರಿ ಹಿಡಿದು ಕಾಯುತ್ತಿದ್ದ. ಮಾತಾಡಿದಿರಾ ಎಂದು ಅವನು ಕೇಳಲಿಲ್ಲ. ಮೊದಮೊದಲು ಕೇಳುತ್ತಿದ್ದ.